ಕೆ-1ರಲ್ಲಿ ಬಂದ ಬಡ್ಡಿಯನ್ನು ಕ್ಯಾಲಿಫೋರ್ನಿಯಾ ರಿಟರ್ನ್‌ನಲ್ಲಿ ತೋರಿಸುವುದು ಹೇಗೆ?

ತೆರಿಗೆ ಸೀಸನ್ ಬಂದರೆ, ಕೆ-1 (ಪಾಲುದಾರಿಕೆಯ ಆದಾಯದಲ್ಲಿ ನಿಮ್ಮ ಪಾಲು ಎಷ್ಟು ಎಂದು ತಿಳಿಸುವ ತೆರಿಗೆ ಪತ್ರ) ಪಡೆದ ಬೇ ಏರಿಯಾದ ಕನ್ನಡಿಗರು ಕೇಳುವ ಒಂದು ಪ್ರಶ್ನೆ ಇದೆ: “ಪಾಲುದಾರಿಕೆಯಿಂದ ಕೆ-1 ಬಂದಿದೆ. ಅದರಲ್ಲಿದ್ದ ಬಡ್ಡಿಯನ್ನು ಫೆಡರಲ್‌ನಲ್ಲಿ ಹಾಕಿದ್ದೇನೆ. ಕ್ಯಾಲಿಫೋರ್ನಿಯಾಗೆ ಅದು ತಾನಾಗೇ ಹೋಗುತ್ತಲ್ವಾ?”

ಹೋಗುತ್ತದೆ. ಆದರೆ ಎಷ್ಟೋ ಸಲ ತಪ್ಪು ಅಂಕಿ ಹೋಗುತ್ತದೆ. ಸಾಫ್ಟ್‌ವೇರ್ ಯಾವ ಎರರ್ ಕೂಡ ತೋರಿಸುವುದಿಲ್ಲ. ಕೆಲವರು ಕಟ್ಟಬೇಕಾಗಿಲ್ಲದ ತೆರಿಗೆಯನ್ನು ವರ್ಷ ವರ್ಷ ಸುಮ್ನೆ ಕಟ್ಟುತ್ತಿರುತ್ತಾರೆ. ಇನ್ನು ಕೆಲವರು ಕಳೆಯಬಾರದ್ದನ್ನು ಕಳೆದು, ಮುಂದೆ ಯಾವತ್ತೋ ನೋಟಿಸ್ ಪಡೆಯುತ್ತಾರೆ. ಎರಡಕ್ಕೂ ಮೂಲ ಒಂದೇ. ಕೆ-1ರ ಬಾಕ್ಸ್ 5ರಲ್ಲಿರುವುದು ಒಂದೇ ಅಂಕಿ, ಆದರೆ ಅದರೊಳಗೆ ಬೇರೆ ಬೇರೆ ಮೂಲದ ಬಡ್ಡಿ ಸೇರಿಕೊಂಡಿರುತ್ತದೆ. ಫೆಡರಲ್‌ಗೆ ಅಷ್ಟೂ ಒಂದೇ. ರಾಜ್ಯಕ್ಕೆ ಹಾಗಲ್ಲ. ಬಡ್ಡಿ ಕೊಟ್ಟವರು ಯಾರು ಎನ್ನುವುದರ ಮೇಲೆ ಅದಕ್ಕೆ ತೆರಿಗೆ ಇದೆಯೋ ಇಲ್ಲವೋ ಎನ್ನುವುದು ನಿಂತಿದೆ.

ಆದ್ದರಿಂದ ಮೊದಲು ಅಂಕಿಯನ್ನು ಒಡೆಯಬೇಕು, ಆಮೇಲೆ ಫಾರ್ಮ್ ತುಂಬಬೇಕು. ಹೆಚ್ಚಿನವರು ಉಲ್ಟಾ ಮಾಡುತ್ತಾರೆ.

ಈ ಲೇಖನ ಕ್ಯಾಲಿಫೋರ್ನಿಯಾದಲ್ಲಿ ವಾಸವಿದ್ದು, ಫಾರ್ಮ್ 1065 (ಪಾಲುದಾರಿಕೆಯ ಫೆಡರಲ್ ರಿಟರ್ನ್) ಸಲ್ಲಿಸುವ ಪಾಲುದಾರಿಕೆಯಲ್ಲಿ ಪಾಲು ಇರುವ ವ್ಯಕ್ತಿಗಳಿಗೆ. ಅದು ರಿಯಲ್ ಎಸ್ಟೇಟ್ ಸಿಂಡಿಕೇಶನ್ ಆಗಿರಬಹುದು, ವೆಂಚರ್ ಫಂಡ್ ಆಗಿರಬಹುದು, ನಾಲ್ಕು ಗೆಳೆಯರು ಸೇರಿ ಮಾಡಿದ ಎಲ್‌ಎಲ್‌ಸಿ ಆಗಿರಬಹುದು. ಬ್ರೋಕರೇಜ್ ಖಾತೆಯಲ್ಲಿ ಕೊಂಡ ಕಮಾಡಿಟಿ ಇಟಿಎಫ್ (ತೈಲದಂಥ ಸರಕುಗಳ ಬೆಲೆಯನ್ನು ಹಿಂಬಾಲಿಸುವ ಫಂಡ್) ಕೂಡ ಆಗಿರಬಹುದು. ಅವುಗಳಲ್ಲಿ ಹಲವು 1099 (ಬ್ಯಾಂಕ್, ಬ್ರೋಕರ್ ಕಳಿಸುವ ಆದಾಯದ ಪತ್ರ) ಬದಲು ಕೆ-1 ಕಳಿಸುತ್ತವೆ ಎಂಬುದು ಫೆಬ್ರವರಿ ಕಳೆದ ಮೇಲೇ ಎಷ್ಟೋ ಜನರಿಗೆ ಗೊತ್ತಾಗುವುದು.

ಹಂತ 1: ಕಾಗದಗಳು ಪೂರ್ತಿ ಬರುವ ತನಕ ಕಾಯಿರಿ

ಬೇಕಾದದ್ದು ಇಷ್ಟು: ಫೆಡರಲ್ ಶೆಡ್ಯೂಲ್ ಕೆ-1, ಅದರ ಹಿಂದೆ ಬರುವ ಎಲ್ಲ ಟಿಪ್ಪಣಿ ಪುಟಗಳು, ಕ್ಯಾಲಿಫೋರ್ನಿಯಾ ಕೆ-1, ತುಂಬಿ ಮುಗಿಸಿದ ಫೆಡರಲ್ 1040 (ವ್ಯಕ್ತಿಗಳ ಆದಾಯ ತೆರಿಗೆ ರಿಟರ್ನ್), ಹಿಂದಿನ ವರ್ಷದ ರಾಜ್ಯದ ರಿಟರ್ನ್, ಲೆಕ್ಕ ಹಾಕಲು ಒಂದು ಸ್ಪ್ರೆಡ್‌ಶೀಟ್ ಅಥವಾ ಖಾಲಿ ಹಾಳೆ.

ಕ್ಯಾಲಿಫೋರ್ನಿಯಾ ಕೆ-1ರಲ್ಲಿ ಎರಡು ಬಗೆ. ಪಾಲುದಾರಿಕೆ ಕೊಡುವುದು ಶೆಡ್ಯೂಲ್ ಕೆ-1 (565). ಎಲ್‌ಎಲ್‌ಸಿ ಕೊಡುವುದು ಶೆಡ್ಯೂಲ್ ಕೆ-1 (568). ಓದುವ ರೀತಿ ಎರಡಕ್ಕೂ ಒಂದೇ.

ಟಿಪ್ಪಣಿ ಪುಟಗಳನ್ನು ಎಸೆಯಬೇಡಿ. ಮೊದಲ ಪುಟವನ್ನು ಮಾತ್ರ ಸ್ಕ್ಯಾನ್ ಮಾಡಿಕೊಂಡು ಉಳಿದದ್ದನ್ನು ಬಿಟ್ಟುಬಿಡುವವರು ಬಹಳ ಜನ. ನಮಗೆ ಬೇಕಾದ ಮಾಹಿತಿ ಇರುವುದೇ ಅಲ್ಲಿ, ಸಣ್ಣ ಅಕ್ಷರದಲ್ಲಿ.

ಇನ್ನೊಂದು ಗೊಂದಲ. ಕೆ-1ರ ಮೇಲ್ಭಾಗದಲ್ಲಿ “ಫೈನಲ್ ಕೆ-1” ಎಂಬ ಚೌಕ ಇರುತ್ತದೆ. ಅದಕ್ಕೆ ಗುರುತು ಬಿದ್ದಿಲ್ಲ ಎಂದ ಮಾತ್ರಕ್ಕೆ ನಿಮ್ಮ ಕೈಯಲ್ಲಿರುವುದು ಕರಡು ಎಂದಲ್ಲ. ಆ ಪಾಲುದಾರಿಕೆಯಲ್ಲಿ ನಿಮ್ಮ ಪಾಲು ಮುಗಿಯಿತು, ಇದು ಕೊನೆಯ ಕೆ-1 ಎಂದು ತಿಳಿಸಲು ಇರುವ ಚೌಕ ಅದು. ಕರಡು ಕಳಿಸುವ ಫಂಡ್‌ಗಳು ಅದನ್ನು “ಎಸ್ಟಿಮೇಟ್” ಎಂದು ಬೇರೆಯಾಗಿ ಬರೆದಿರುತ್ತವೆ. ಎಸ್ಟಿಮೇಟ್ ಇಟ್ಟುಕೊಂಡು ರಿಟರ್ನ್ ಸಲ್ಲಿಸಬೇಡಿ. ಅದು ಇರುವುದು ಏಪ್ರಿಲ್‌ನಲ್ಲಿ ಎಷ್ಟು ಹಣ ಕಟ್ಟಬೇಕು ಎಂದು ಅಂದಾಜು ಮಾಡಲು.

ಪಾಲುದಾರಿಕೆಗಳ ಫೆಡರಲ್ ಗಡುವು ಮಾರ್ಚ್ 15. ಆರು ತಿಂಗಳ ವಿಸ್ತರಣೆ ತೆಗೆದುಕೊಂಡರೆ ಸೆಪ್ಟೆಂಬರ್ 15. ಅಂದರೆ ನಿಮ್ಮ ಏಪ್ರಿಲ್ 15ರ ಗಡುವು ದಾಟಿದ ಮೇಲೂ ಕೆ-1 ಬರಬಹುದು. ಆಗ ಫೆಡರಲ್‌ಗೆ ಫಾರ್ಮ್ 4868 ಹಾಕಿ ಅಕ್ಟೋಬರ್ 15ರ ತನಕ ಸಮಯ ಪಡೆಯಿರಿ. ಕ್ಯಾಲಿಫೋರ್ನಿಯಾ ಅಕ್ಟೋಬರ್ 15ರವರೆಗಿನ ವಿಸ್ತರಣೆಯನ್ನು ತಾನಾಗೇ ಕೊಡುತ್ತದೆ, ಅರ್ಜಿ ಬೇಕಿಲ್ಲ. ಆದರೆ ಅದು ರಿಟರ್ನ್ ಸಲ್ಲಿಸಲು ಮಾತ್ರ. ಹಣವನ್ನು ಏಪ್ರಿಲ್ 15ರೊಳಗೇ ಕಟ್ಟಬೇಕು. ಚೆಕ್ ಕಳಿಸುವವರಿಗೆ ಎಫ್‌ಟಿಬಿಯ (ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್, ರಾಜ್ಯದ ಆದಾಯ ತೆರಿಗೆ ಇಲಾಖೆ) 3519 ವೋಚರ್ ಇದೆ, ಆನ್‌ಲೈನ್‌ನಲ್ಲಿ ಕಟ್ಟುವವರಿಗೆ ಅದೂ ಬೇಡ.

ಹಂತ 2: ಯಾವುದು ಬಡ್ಡಿ, ಯಾವುದಲ್ಲ ಎಂದು ನೋಡಿಕೊಳ್ಳಿ

ಫೆಡರಲ್ ಕೆ-1ರಲ್ಲಿ ಬಡ್ಡಿಯ ಹಾಗೆ ಕಾಣುವುದು ನಾಲ್ಕು ಕಡೆ ಬರುತ್ತದೆ. ಎಲ್ಲವನ್ನೂ ಒಟ್ಟಿಗೆ ಕೂಡಿದರೆ ಮುಂದಿನ ಲೆಕ್ಕ ಪೂರ್ತಿ ಕೆಡುತ್ತದೆ.

ಬಾಕ್ಸ್ 5 ನಮ್ಮ ಮುಖ್ಯ ವಿಷಯ. ಪಾಲುದಾರಿಕೆ ತನ್ನ ಹಣವನ್ನು ಬ್ಯಾಂಕ್‌ನಲ್ಲೋ ಬಾಂಡ್‌ನಲ್ಲೋ ಇಟ್ಟು ಗಳಿಸಿದ ಬಡ್ಡಿಯಲ್ಲಿ ನಿಮ್ಮ ಪಾಲು ಇಲ್ಲಿರುತ್ತದೆ. ಇದು 1040ರ 2ಬಿ ಸಾಲಿಗೆ ಹೋಗುತ್ತದೆ. ನಿಮ್ಮ ಒಟ್ಟು ತೆರಿಗೆಯೋಗ್ಯ ಬಡ್ಡಿ 1,500 ಡಾಲರ್ ದಾಟಿದರೆ ಶೆಡ್ಯೂಲ್ ಬಿ ಮೂಲಕ ಹೋಗಬೇಕು. ಶೆಡ್ಯೂಲ್ ಇ ಇದಕ್ಕಲ್ಲ. ಕೆ-1 ಎಂದ ಕೂಡಲೇ ಎಲ್ಲವನ್ನೂ ಶೆಡ್ಯೂಲ್ ಇಗೆ ತುಂಬುವ ಅಭ್ಯಾಸ ಕೆಲವರಿಗಿದೆ. ಬಿಡಿ ಅದನ್ನು.

ಬಾಕ್ಸ್ 4ಬಿ ಬೇರೆ. ಲಾಭ ಆಗಲಿ ಬಿಡಲಿ, ನೀವು ಹಾಕಿದ ಬಂಡವಾಳಕ್ಕೆ ಇಷ್ಟು ಎಂದು ಖಚಿತವಾಗಿ ಕೊಡುವ ಮೊತ್ತ ಇಲ್ಲಿ ಬರುತ್ತದೆ. ಮಾತಿನಲ್ಲಿ ಇದನ್ನು “ಕ್ಯಾಪಿಟಲ್ ಮೇಲಿನ ಬಡ್ಡಿ” ಎನ್ನುತ್ತಾರೆ. ತೆರಿಗೆಯ ಲೆಕ್ಕದಲ್ಲಿ ಇದು ಗ್ಯಾರಂಟೀಡ್ ಪೇಮೆಂಟ್, ಬಡ್ಡಿಯ ಸಾಲಿಗೆ ಸೇರುವುದಿಲ್ಲ. ಇದಕ್ಕೆ ಮುಂದೆ ಹೇಳುವ ಯಾವ ವಿನಾಯಿತಿಯೂ ಇಲ್ಲ.

ಬಾಕ್ಸ್ 6ಎಯಲ್ಲಿರುವುದು ಡಿವಿಡೆಂಡ್. ಮನಿ ಮಾರ್ಕೆಟ್ ಫಂಡ್‌ನಿಂದ ಬಂದದ್ದು ನೋಡಲು ಬಡ್ಡಿಯಂತಿದ್ದರೂ ಇಲ್ಲಿಗೇ ಬರುತ್ತದೆ.

ಬಾಕ್ಸ್ 18ರ ಕೋಡ್ ಎ ಎಂದರೆ ಫೆಡರಲ್ ತೆರಿಗೆ ಇಲ್ಲದ ಬಡ್ಡಿ. ಹೆಚ್ಚಾಗಿ ಮುನಿಸಿಪಲ್ ಬಾಂಡ್‌ಗಳದ್ದು (ರಾಜ್ಯ, ಕೌಂಟಿ, ನಗರಗಳು ಸಾಲ ಎತ್ತಲು ಹೊರಡಿಸುವ ಬಾಂಡ್). ಇದು 1040ರ 2ಎ ಸಾಲಿಗೆ. ಫೆಡರಲ್ ತೆರಿಗೆ ಇಲ್ಲ ಎಂದು ಇದನ್ನು ಪೂರ್ತಿ ಬಿಟ್ಟುಬಿಡುವುದು ಬಹಳ ಸಾಮಾನ್ಯವಾದ ತಪ್ಪು.

ನೀವು ಪಾಲುದಾರಿಕೆಗೆ ಪತ್ರ ಮಾಡಿಕೊಂಡು ನಿಜವಾದ ಸಾಲ ಕೊಟ್ಟಿದ್ದರೆ, ಅದರ ಬಡ್ಡಿ ಸಾಮಾನ್ಯವಾಗಿ 1099-ಐಎನ್‌ಟಿಯಲ್ಲಿ ಬರುತ್ತದೆ. ಅದನ್ನು ಕೆ-1ರ ಬಡ್ಡಿಯ ಜೊತೆ ಬೆರೆಸಬೇಡಿ.

“ಆದರೆ ನನ್ನ ಕೈಗೆ ದುಡ್ಡೇ ಬಂದಿಲ್ಲವಲ್ಲ!” ಎನ್ನುವವರಿದ್ದಾರೆ. ಬರಬೇಕಾಗಿಲ್ಲ. ಬಾಕ್ಸ್ 5ರ ಬಡ್ಡಿಗೆ ಅದು ಪಾಲುದಾರಿಕೆಯ ಖಾತೆಗೆ ಸೇರಿದ ವರ್ಷದಲ್ಲೇ ನಿಮಗೆ ತೆರಿಗೆ. ಕೈಗೆ ಬಂದ ಹಣ ಇರುವುದು ಬಾಕ್ಸ್ 19ರಲ್ಲಿ. ಆ ಅಂಕಿಯನ್ನು ಬಡ್ಡಿ ಎಂದು ಹಾಕಬಾರದು.

ಹಂತ 3: ಬಾಕ್ಸ್ 5 ಅನ್ನು ಒಡೆಯಿರಿ

ನಿಜವಾದ ಕೆಲಸ ಇರುವುದು ಇಲ್ಲಿ. ಈ ಹಂತ ಸರಿಯಾದರೆ ಉಳಿದದ್ದೆಲ್ಲ ಬರೀ ಅಂಕಿ ತುಂಬುವ ಕೆಲಸ.

ಹಾಳೆಯಲ್ಲಿ ಎರಡು ಗುಂಪು ಮಾಡಿಕೊಳ್ಳಿ: ಕ್ಯಾಲಿಫೋರ್ನಿಯಾ ತೆರಿಗೆ ಹಾಕುವಂಥದ್ದು, ಹಾಕದಿರುವಂಥದ್ದು.

ತೆರಿಗೆ ಇಲ್ಲದ ಗುಂಪಿನಲ್ಲಿ ಮೊದಲಿಗೆ ಬರುವುದು ಅಮೆರಿಕ ಸರ್ಕಾರದ ಟ್ರೆಷರಿ ಬಿಲ್, ನೋಟ್, ಬಾಂಡ್‌ಗಳ ಬಡ್ಡಿ. ಇದಕ್ಕೆ ಯಾವ ರಾಜ್ಯವೂ ವ್ಯಕ್ತಿಗಳ ಆದಾಯ ತೆರಿಗೆ ಹಾಕುವಂತಿಲ್ಲ. ಇದು ಫೆಡರಲ್ ಕಾನೂನಿನ ತಡೆ, ರಾಜ್ಯ ಕೊಟ್ಟ ರಿಯಾಯಿತಿ ಅಲ್ಲ. ಪಾಲುದಾರಿಕೆಯ ಮೂಲಕ ಬಂದರೂ ಆ ಗುಣ ಬದಲಾಗುವುದಿಲ್ಲ. ಫಂಡ್ ಕೊಂಡ ಟಿ-ಬಿಲ್‌ನ ಬಡ್ಡಿ ನಿಮ್ಮ ಕೈಗೆ ಬಂದಾಗಲೂ ಟಿ-ಬಿಲ್‌ನ ಬಡ್ಡಿಯೇ. ಫೆಡರಲ್ ಹೋಂ ಲೋನ್ ಬ್ಯಾಂಕ್ ಮತ್ತು ಫೆಡರಲ್ ಫಾರ್ಮ್ ಕ್ರೆಡಿಟ್ ಬ್ಯಾಂಕ್‌ಗಳ ಬಾಂಡ್‌ಗಳ ಬಡ್ಡಿಯೂ ಇದೇ ಗುಂಪಿಗೆ ಸೇರುತ್ತದೆ.

ಈಗ ಎಡವುವ ನಾಲ್ಕು ಜಾಗ. ಮೊದಲನೆಯದು ಮನೆಸಾಲಕ್ಕೆ ಬೆಂಬಲ ಕೊಡುವ ಸಂಸ್ಥೆಗಳು. ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್, ಜಿನ್ನಿ ಮೇ ಬಾಂಡ್‌ಗಳ ಬಡ್ಡಿಗೆ ಕ್ಯಾಲಿಫೋರ್ನಿಯಾದಲ್ಲಿ ತೆರಿಗೆ ಇದೆ. ಹೆಸರು ಕೇಳಿದರೆ ಸರ್ಕಾರದ್ದು ಅನ್ನಿಸುತ್ತದೆ. ಜಿನ್ನಿ ಮೇಗೆ ಸರ್ಕಾರದ ಗ್ಯಾರಂಟಿ ಕೂಡ ಇದೆ. ಆದರೆ ಗ್ಯಾರಂಟಿ ಕೊಡುವುದು ಬೇರೆ, ಸರ್ಕಾರವೇ ಸಾಲಗಾರ ಆಗುವುದು ಬೇರೆ. ಟಿಪ್ಪಣಿಯಲ್ಲಿ ಬರೀ “ಯು.ಎಸ್. ಏಜೆನ್ಸಿ ಬಡ್ಡಿ” ಎಂದಿದ್ದರೆ ಅಷ್ಟಕ್ಕೇ ಕಳೆಯಬೇಡಿ, ಯಾವ ಏಜೆನ್ಸಿ ಎಂದು ಕೇಳಿ.

ಎರಡನೆಯದು ರೆಪೊ. ಫಂಡ್‌ಗಳು ರಾತ್ರಿ ಮಟ್ಟಿಗೆ ಹಣ ಕೊಟ್ಟು ಟ್ರೆಷರಿಯನ್ನು ಅಡ ಇಟ್ಟುಕೊಳ್ಳುವ ವ್ಯವಹಾರ ಇದು. ಅಡಕ್ಕೆ ಬಂದದ್ದು ಟ್ರೆಷರಿಯೇ ಆದರೂ ಬಡ್ಡಿ ಕೊಡುವವರು ಖಾಸಗಿಯವರು. ಹಾಗಾಗಿ ರಾಜ್ಯ ಇದಕ್ಕೆ ತೆರಿಗೆ ಹಾಕಬಹುದು. ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು 1994ರಲ್ಲಿ ನೆಬ್ರಾಸ್ಕದ ಲೋವನ್‌ಸ್ಟೈನ್ ಪ್ರಕರಣದಲ್ಲಿ ತೀರ್ಮಾನಿಸಿಬಿಟ್ಟಿದೆ.

ಮೂರನೆಯದು ಮಾರಾಟದ ಲಾಭ. ವಿನಾಯಿತಿ ಇರುವುದು ಬಡ್ಡಿಗೆ ಮಾತ್ರ. ಟ್ರೆಷರಿ ಬಾಂಡನ್ನು ಹೆಚ್ಚಿನ ಬೆಲೆಗೆ ಮಾರಿ ಬಂದ ಲಾಭಕ್ಕೆ ಕ್ಯಾಲಿಫೋರ್ನಿಯಾ ತೆರಿಗೆ ಇದೆ. ಆದರೆ ಟಿ-ಬಿಲ್ ಅನ್ನು ಕಡಿಮೆ ಬೆಲೆಗೆ ಕೊಂಡು ಅವಧಿ ಮುಗಿದಾಗ ಪೂರ್ತಿ ಬೆಲೆ ಪಡೆದರೆ, ಆ ವ್ಯತ್ಯಾಸ ಬಡ್ಡಿಯೇ. ಅದಕ್ಕೆ ವಿನಾಯಿತಿ ಉಂಟು.

ನಾಲ್ಕನೆಯದು ಮ್ಯೂಚುವಲ್ ಫಂಡ್ ಮತ್ತು ಮನಿ ಮಾರ್ಕೆಟ್. ಇಲ್ಲಿ ಕ್ಯಾಲಿಫೋರ್ನಿಯಾದ್ದೇ ಒಂದು ನಿಯಮ ಇದೆ. ಫಂಡ್ ಕೊಟ್ಟ ಡಿವಿಡೆಂಡ್‌ನಲ್ಲಿ ತೆರಿಗೆ ಇಲ್ಲದ ಬಡ್ಡಿಯ ಪಾಲನ್ನು ಕಳೆಯಬೇಕಾದರೆ, ವರ್ಷದ ಪ್ರತಿ ತ್ರೈಮಾಸಿಕದ ಕೊನೆಯಲ್ಲೂ ಫಂಡ್‌ನ ಆಸ್ತಿಯ ಕನಿಷ್ಠ 50 ಪರ್ಸೆಂಟ್ ಕ್ಯಾಲಿಫೋರ್ನಿಯಾ ತೆರಿಗೆ ಹಾಕದಂಥ ಸಾಲಪತ್ರಗಳಲ್ಲಿ ಇರಬೇಕು. ಒಂದು ತ್ರೈಮಾಸಿಕದಲ್ಲಿ ತಪ್ಪಿದರೂ ಆ ವರ್ಷ ಏನೂ ಕಳೆಯುವಂತಿಲ್ಲ. ಫಂಡ್ ಕಂಪನಿಗಳು ಜನವರಿ, ಫೆಬ್ರವರಿ ಹೊತ್ತಿಗೆ ಈ ಮಾಹಿತಿಯನ್ನು ಪ್ರಕಟಿಸುತ್ತವೆ. ಇದು ಡಿವಿಡೆಂಡ್ ಸಾಲಿಗೆ ಸೇರಿದ ವಿಷಯ, ಬಾಕ್ಸ್ 5ಕ್ಕಲ್ಲ ಎಂಬುದು ನೆನಪಿರಲಿ.

ಉಳಿದದ್ದು ಸರಳ. ಬ್ಯಾಂಕ್ ಠೇವಣಿ, ಸಿಡಿ (ನಿಗದಿತ ಅವಧಿಯ ಠೇವಣಿ), ಕಂಪನಿಗಳ ಬಾಂಡ್, ಪಾಲುದಾರಿಕೆ ಬೇರೆಯವರಿಗೆ ಕೊಟ್ಟ ಸಾಲ, ಎಲ್ಲದಕ್ಕೂ ತೆರಿಗೆ ಇದೆ.

ಟಿಪ್ಪಣಿಯಲ್ಲಿ ವಿವರ ಇಲ್ಲದಿದ್ದರೆ? ಅಂದಾಜು ಮಾಡಬೇಡಿ. “ಫಂಡ್ ಟ್ರೆಷರಿಯಲ್ಲೇ ಹಾಕುತ್ತದೆ ಅಂತ ವೆಬ್‌ಸೈಟ್‌ನಲ್ಲಿ ನೋಡಿದೆ” ಎನ್ನುವುದು ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್ ಮುಂದೆ ದಾಖಲೆ ಆಗುವುದಿಲ್ಲ. ಕೆ-1ರ ಜೊತೆ ಇರುವ ವಿಳಾಸಕ್ಕೆ ಇಮೇಲ್ ಹಾಕಿ ಮೂರು ವಿಷಯ ಕೇಳಿ. ಬಾಕ್ಸ್ 5ರಲ್ಲಿ ಅಮೆರಿಕ ಸರ್ಕಾರದ ನೇರ ಸಾಲಪತ್ರಗಳ ಬಡ್ಡಿ ಎಷ್ಟು ಡಾಲರ್? ಅದರಲ್ಲಿ ರೆಪೊ, ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್, ಜಿನ್ನಿ ಮೇ ಸೇರಿದೆಯಾ? ಬಾಕ್ಸ್ 18 ಕೋಡ್ ಎಯಲ್ಲಿ ಕ್ಯಾಲಿಫೋರ್ನಿಯಾದ ಬಾಂಡ್‌ಗಳ ಪಾಲು ಎಷ್ಟು? ಉತ್ತರವನ್ನು ಪಿಡಿಎಫ್ ಮಾಡಿ ಕೆ-1ರ ಜೊತೆಗೇ ಇಡಿ. ಉತ್ತರ ಬರದಿದ್ದರೆ ಕಳೆಯದೆ ಸಲ್ಲಿಸಿ, ವಿವರ ಬಂದ ಮೇಲೆ ತಿದ್ದುಪಡಿ ಮಾಡಿ. ಮೊದಲೇ ಕಳೆದು ಆಮೇಲೆ ದಾಖಲೆ ಹುಡುಕುವುದಕ್ಕಿಂತ ಇದು ವಾಸಿ.

ಕಮಾಡಿಟಿ ಇಟಿಎಫ್ ಇರುವವರು ಈ ಹಂತಕ್ಕೆ ಜಾಸ್ತಿ ಗಮನ ಕೊಡಬೇಕು. ಅವುಗಳಲ್ಲಿ ಹಲವು ಫ್ಯೂಚರ್ಸ್‌ಗೆ ಬೇಕಾದ ಹಣವನ್ನು ಟಿ-ಬಿಲ್‌ನಲ್ಲಿ ಇಟ್ಟಿರುತ್ತವೆ. ಬಾಕ್ಸ್ 5ರ ದೊಡ್ಡ ಭಾಗ ರಾಜ್ಯದ ತೆರಿಗೆಯಿಂದ ಹೊರಗೇ ಇರಬಹುದು.

ಹಂತ 4: ಮುನಿಸಿಪಲ್ ಬಾಂಡ್‌ಗಳನ್ನು ರಾಜ್ಯದ ಪ್ರಕಾರ ಬೇರ್ಪಡಿಸಿ

ಬಾಕ್ಸ್ 18 ಕೋಡ್ ಎಯಲ್ಲಿ ಅಂಕಿ ಇದ್ದರೆ ಮಾತ್ರ ಈ ಹಂತ. ಕ್ಯಾಲಿಫೋರ್ನಿಯಾ ರಾಜ್ಯ, ಅದರ ಕೌಂಟಿ, ನಗರ, ಶಾಲಾ ಜಿಲ್ಲೆಗಳ ಬಾಂಡ್‌ಗಳ ಬಡ್ಡಿಗೆ ಕ್ಯಾಲಿಫೋರ್ನಿಯಾ ತೆರಿಗೆ ಇಲ್ಲ. ಪೋರ್ಟೊ ರಿಕೊ, ಗುವಾಮ್, ವರ್ಜಿನ್ ಐಲೆಂಡ್ಸ್ ಬಾಂಡ್‌ಗಳಿಗೂ ಇಲ್ಲ. ನ್ಯೂಯಾರ್ಕ್, ಟೆಕ್ಸಾಸ್, ಇಲಿನಾಯ್, ಹೀಗೆ ಬೇರೆ ಯಾವ ರಾಜ್ಯದ ಬಾಂಡ್ ಆದರೂ ತೆರಿಗೆ ಇದೆ. ಫೆಡರಲ್‌ನಲ್ಲಿ ಬಿಟ್ಟದ್ದನ್ನು ಇಲ್ಲಿ ಕೂಡಬೇಕು.

ಹಂತ 5: ಕ್ಯಾಲಿಫೋರ್ನಿಯಾ ಕೆ-1ರ ಸರಿಯಾದ ಕಾಲಂ ಓದಿ

ಈ ಫಾರ್ಮ್‌ನಲ್ಲಿ ಐದು ಕಾಲಂ ಇವೆ. ಎಯಲ್ಲಿ ಆದಾಯದ ಹೆಸರು. ಬಿಯಲ್ಲಿ ಫೆಡರಲ್ ಅಂಕಿ. ಸಿಯಲ್ಲಿ ಕ್ಯಾಲಿಫೋರ್ನಿಯಾದ ಹೊಂದಾಣಿಕೆ. ಡಿಯಲ್ಲಿ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಒಟ್ಟು, ಅಂದರೆ ಬಿ ಮತ್ತು ಸಿ ಸೇರಿದ್ದು. ಇಯಲ್ಲಿ ಕ್ಯಾಲಿಫೋರ್ನಿಯಾ ಮೂಲದ ಮೊತ್ತ.

ವರ್ಷವಿಡೀ ಕ್ಯಾಲಿಫೋರ್ನಿಯಾದಲ್ಲೇ ವಾಸ ಇದ್ದವರು ನೋಡಬೇಕಾದದ್ದು ಡಿ. ಆದರೆ ಇ ಕಾಲಂನ ತಲೆಬರಹದಲ್ಲಿ “ಕ್ಯಾಲಿಫೋರ್ನಿಯಾ ಮೂಲ” ಎಂದಿರುವುದರಿಂದ ಬಹಳ ಜನ ಅದನ್ನೇ ಎತ್ತಿಕೊಳ್ಳುತ್ತಾರೆ. ಅಲ್ಲಿ ಸೊನ್ನೆ ಇದ್ದರೆ ಬಡ್ಡಿಯೇ ಇಲ್ಲ ಎಂದುಕೊಳ್ಳುತ್ತಾರೆ. ಇ ಕಾಲಂ ಇರುವುದು ರಾಜ್ಯದ ಹೊರಗಿನವರಿಗೆ. ಇಲ್ಲಿನ ನಿವಾಸಿಗೆ ಜಗತ್ತಿನ ಯಾವ ಮೂಲೆಯಿಂದ ಬಂದ ಆದಾಯಕ್ಕೂ ಇಲ್ಲಿ ತೆರಿಗೆ. ಪಾಲುದಾರಿಕೆಯ ಆಫೀಸ್ ಆಸ್ಟಿನ್‌ನಲ್ಲಿದೆ, ಬ್ಯಾಂಕ್ ಖಾತೆ ಡೆಲವೇರ್‌ನಲ್ಲಿದೆ ಎಂಬುದರಿಂದ ಏನೂ ಬದಲಾಗುವುದಿಲ್ಲ.

ಈಗ ಬಡ್ಡಿಯ ಸಾಲಿನಲ್ಲಿ ಸಿ ಕಾಲಂ ನೋಡಿ. ಅಲ್ಲಿ ಮೈನಸ್ ಅಂಕಿ ಇದ್ದರೆ ಪಾಲುದಾರಿಕೆಯೇ ಟ್ರೆಷರಿ ಬಡ್ಡಿಯನ್ನು ಕಳೆದಿದೆ ಎಂದರ್ಥ. ಅದು ನಿಮ್ಮ ಹಾಳೆಯ ಲೆಕ್ಕಕ್ಕೆ ತಾಳೆ ಆಗುತ್ತದಾ ನೋಡಿ. ಖಾಲಿ ಇದ್ದರೆ ಎರಡು ಸಾಧ್ಯತೆ. ಒಂದೋ ಕಳೆಯಲು ಏನೂ ಇಲ್ಲ, ಇಲ್ಲವೇ ತಯಾರಿಸಿದವರು ಗಮನಿಸಿಲ್ಲ. ಟಿಪ್ಪಣಿಯಲ್ಲಿ ಟ್ರೆಷರಿ ಬಡ್ಡಿ ಎಂದು ಸ್ಪಷ್ಟವಾಗಿ ಬರೆದಿದ್ದೂ ಸಿ ಕಾಲಂ ಖಾಲಿ ಇದ್ದರೆ ಪಾಲುದಾರಿಕೆಯನ್ನು ಕೇಳಿ.

ಕ್ಯಾಲಿಫೋರ್ನಿಯಾ ಕೆ-1 ಬಂದೇ ಇಲ್ಲ ಎನ್ನುವವರೂ ಇದ್ದಾರೆ. ಇಲ್ಲಿ ರಿಟರ್ನ್ ಸಲ್ಲಿಸದ ಪಾಲುದಾರಿಕೆ ಅದನ್ನು ಕೊಡುವುದಿಲ್ಲ. ಅದರಿಂದ ನಿಮ್ಮ ಜವಾಬ್ದಾರಿ ತಪ್ಪುವುದಿಲ್ಲ. ಫೆಡರಲ್ ಕೆ-1 ಮತ್ತು ಹಂತ 3, 4ರ ನಿಮ್ಮ ಹಾಳೆ ಇಟ್ಟುಕೊಂಡು ನೀವೇ ಹೊಂದಾಣಿಕೆ ಮಾಡಬೇಕು.

ಹಂತ 6: ಶೆಡ್ಯೂಲ್ ಸಿಎ ತುಂಬಿ

ಫಾರ್ಮ್ 540 ಎಂದರೆ ಕ್ಯಾಲಿಫೋರ್ನಿಯಾ ನಿವಾಸಿಗಳ ರಿಟರ್ನ್. ಅದರ ಜೊತೆ ಹೋಗುವ, ಫೆಡರಲ್ ಅಂಕಿಗಳನ್ನು ರಾಜ್ಯಕ್ಕೆ ಹೊಂದಿಸುವ ಶೆಡ್ಯೂಲ್ ಸಿಎಯಲ್ಲಿ ಮೂರು ಕಾಲಂ. ಎಯಲ್ಲಿ ಫೆಡರಲ್ ಮೊತ್ತ, ಬಿಯಲ್ಲಿ ಕಳೆಯುವುದು, ಸಿಯಲ್ಲಿ ಕೂಡುವುದು. ಬಡ್ಡಿಗೆ ಮೊದಲ ಭಾಗದ 2ನೇ ಸಾಲು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕೆ-1ರ ಬಾಕ್ಸ್ 5ರಲ್ಲಿ 6,400 ಡಾಲರ್ ಇದೆ. ಟಿಪ್ಪಣಿ ಪ್ರಕಾರ ಅದರಲ್ಲಿ 4,100 ಟ್ರೆಷರಿ ಬಿಲ್‌ಗಳದ್ದು, 900 ಫ್ಯಾನಿ ಮೇಯದ್ದು, 1,400 ಬ್ಯಾಂಕ್ ಠೇವಣಿಯದ್ದು. ಬಾಕ್ಸ್ 18 ಕೋಡ್ ಎಯಲ್ಲಿ 1,000 ಡಾಲರ್. ಅದರಲ್ಲಿ 600 ಕ್ಯಾಲಿಫೋರ್ನಿಯಾ ಬಾಂಡ್‌ಗಳದ್ದು, 400 ನ್ಯೂಯಾರ್ಕ್ ಬಾಂಡ್‌ಗಳದ್ದು. ನಿಮಗೆ ಬೇರೆ ಯಾವ ಬಡ್ಡಿಯೂ ಇಲ್ಲ ಎಂದಿಟ್ಟುಕೊಳ್ಳಿ.

ಫೆಡರಲ್ 2ಬಿ ಸಾಲಿಗೆ 6,400. 2ಎ ಸಾಲಿಗೆ 1,000. ಶೆಡ್ಯೂಲ್ ಸಿಎಯ ಎ ಕಾಲಂನಲ್ಲಿ 6,400. ಬಿ ಕಾಲಂನಲ್ಲಿ ಟ್ರೆಷರಿಯ 4,100. ಸಿ ಕಾಲಂನಲ್ಲಿ ನ್ಯೂಯಾರ್ಕ್ ಬಾಂಡ್‌ನ 400. ಕ್ಯಾಲಿಫೋರ್ನಿಯಾ ತೆರಿಗೆ ಹಾಕುವ ಬಡ್ಡಿ 6,400 ಮೈನಸ್ 4,100 ಪ್ಲಸ್ 400, ಅಂದರೆ 2,700 ಡಾಲರ್.

ಇನ್ನೊಂದು ಕಡೆಯಿಂದ ತಾಳೆ ನೋಡಿ. ಹಾಳೆಯಲ್ಲಿ ತೆರಿಗೆ ಇರುವ ಗುಂಪನ್ನು ಮಾತ್ರ ಕೂಡಿ: 900, 1,400, 400. ಅದೂ 2,700. ಎರಡೂ ಸೇರದಿದ್ದರೆ ಮುಂದೆ ಹೋಗಬೇಡಿ.

ಕ್ಯಾಲಿಫೋರ್ನಿಯಾದ 9.3 ಪರ್ಸೆಂಟ್ ದರದಲ್ಲಿರುವವರು 4,100 ಡಾಲರ್ ಕಳೆಯಲು ಮರೆತರೆ ಹೋಗುವುದು 381 ಡಾಲರ್. ನ್ಯೂಯಾರ್ಕ್‌ನ 400 ಕೂಡಲು ಮರೆತರೆ 37 ಡಾಲರ್ ಕಡಿಮೆ ಕಟ್ಟಿದಂತೆ. ನೋಟಿಸ್ ಬರುವುದು ಮಾತ್ರ ಈ ಎರಡನೆಯದಕ್ಕೇ!

ಇಲ್ಲಿ ಸಾಫ್ಟ್‌ವೇರ್ ಒಂದು ಗುಂಡಿ ತೋಡಿಟ್ಟಿರುತ್ತದೆ. ಕ್ಯಾಲಿಫೋರ್ನಿಯಾ ಕೆ-1ರ ಅಂಕಿಗಳನ್ನು ಅದರ ಪರದೆಯಲ್ಲಿ ತುಂಬಿದರೆ ಹೊಂದಾಣಿಕೆ ತಾನಾಗೇ ಶೆಡ್ಯೂಲ್ ಸಿಎಗೆ ಹೋಗಬಹುದು. ಅದು ಗೊತ್ತಿಲ್ಲದೆ “ಅಮೆರಿಕ ಸರ್ಕಾರದ ಬಡ್ಡಿ” ಎಂದು ಬೇರೆ ಕಡೆ ಕೇಳಿದಾಗ ಮತ್ತೆ 4,100 ತುಂಬುತ್ತಾರೆ. ಒಂದೇ ಬಡ್ಡಿ ಎರಡು ಸಲ ಕಳೆದುಹೋಗುತ್ತದೆ. ಯಾವುದಾದರೂ ಒಂದೇ ದಾರಿ ಹಿಡಿಯಿರಿ. ಮುಗಿದ ಮೇಲೆ ಶೆಡ್ಯೂಲ್ ಸಿಎಯ ಪಿಡಿಎಫ್ ತೆರೆದು ಕಣ್ಣಾರೆ ನೋಡಿ. ಪ್ರಶ್ನೋತ್ತರದ ಪರದೆಯನ್ನು ನಂಬಿ ಸಲ್ಲಿಸಬೇಡಿ.

ಹಂತ 7: ಸಾಲ ಮಾಡಿ ಹೂಡಿದ್ದರೆ ಅದರ ಬಡ್ಡಿ ಖರ್ಚು

ಬಾಕ್ಸ್ 13ರ ಕೋಡ್ ಎಚ್‌ನಲ್ಲಿ ಅಂಕಿ ಇದ್ದರೆ ಪಾಲುದಾರಿಕೆ ಹೂಡಿಕೆಗಾಗಿ ಸಾಲ ಮಾಡಿ ಬಡ್ಡಿ ಕಟ್ಟಿದೆ ಎಂದರ್ಥ. ಫೆಡರಲ್‌ನಲ್ಲಿ ಇದಕ್ಕೆ ಫಾರ್ಮ್ 4952. ಕ್ಯಾಲಿಫೋರ್ನಿಯಾದಲ್ಲಿ ಎಫ್‌ಟಿಬಿ 3526. ತೆರಿಗೆ ಇಲ್ಲದ ಆದಾಯಕ್ಕಾಗಿ ಮಾಡಿದ ಖರ್ಚನ್ನು ರಾಜ್ಯ ಒಪ್ಪುವುದಿಲ್ಲ. ಸಾಲದ ಹಣದಲ್ಲಿ ಟ್ರೆಷರಿ ಕೊಂಡಿದ್ದರೆ, ಆ ಸಾಲದ ಬಡ್ಡಿ ಫೆಡರಲ್‌ನಲ್ಲಿ ಕಳೆಯಬಹುದಾದರೂ ಇಲ್ಲಿ ಆಗದು. ಎರಡೂ ಕಡೆ ಒಂದೇ ಅಂಕಿ ಹಾಕುವುದು ತಪ್ಪು.

ಹಂತ 8: ವರ್ಷದ ಮಧ್ಯೆ ಬಂದವರು, ಹೋದವರು, ಹೊರಗೇ ಇರುವವರು

ಸಿಯಾಟಲ್‌ನಿಂದ ಸ್ಯಾನ್ ಹೋಸೆಗೆ ಜುಲೈ 1ರಂದು ಬಂದಿರಿ ಎನ್ನೋಣ. ನಿಮ್ಮದು ಫಾರ್ಮ್ 540ಎನ್‌ಆರ್, ಅಂದರೆ ವರ್ಷದ ಸ್ವಲ್ಪ ಭಾಗ ಮಾತ್ರ ಇಲ್ಲಿದ್ದವರ ಮತ್ತು ಹೊರಗಿನವರ ರಿಟರ್ನ್. ಬಡ್ಡಿಯನ್ನು ನೀವು ಇಲ್ಲಿ ವಾಸವಿದ್ದ ಅವಧಿಗೂ ಇಲ್ಲದ ಅವಧಿಗೂ ಹಂಚಬೇಕು. ಯಾವ ಬಡ್ಡಿ ಯಾವ ದಿನ ಬಂತು ಎಂಬ ಮಾಹಿತಿ ಇದ್ದರೆ ಅದರ ಪ್ರಕಾರ. ಕೆ-1 ಒಂದು ವರ್ಷದ ಒಟ್ಟು ಮೊತ್ತ ಕೊಡುವುದರಿಂದ ಆ ಮಾಹಿತಿ ಸಿಗುವುದು ಕಷ್ಟ. ಆಗ ದಿನಗಳ ಲೆಕ್ಕದಲ್ಲಿ ಹಂಚಬೇಕು.

ಮೊದಲು ಟ್ರೆಷರಿ ಕಳೆದು, ಹೊರರಾಜ್ಯದ ಬಾಂಡ್ ಕೂಡಿ, ಆಮೇಲೆ ದಿನಗಳಿಂದ ಹಂಚಿ. ಮೇಲಿನ 2,700 ಡಾಲರ್‌ಗೆ, ಜುಲೈ 1ರಿಂದ ಡಿಸೆಂಬರ್ 31ರ ತನಕ 184 ದಿನ. 2,700 ಅನ್ನು 365ರಿಂದ ಭಾಗಿಸಿ 184ರಿಂದ ಗುಣಿಸಿದರೆ 1,361 ಡಾಲರ್. 540ಎನ್‌ಆರ್‌ನ ಶೆಡ್ಯೂಲ್ ಸಿಎಯಲ್ಲಿ ಡಿ ಕಾಲಂಗೆ ಪೂರ್ತಿ 2,700, ಇ ಕಾಲಂಗೆ 1,361. ಡಿಯಲ್ಲಿ ಪೂರ್ತಿ ಮೊತ್ತ ಯಾಕೆ? ತೆರಿಗೆಯ ದರ ನಿಮ್ಮ ಒಟ್ಟು ಆದಾಯದ ಮೇಲೆ ನಿಗದಿ ಆಗುತ್ತದೆ, ತೆರಿಗೆ ಬೀಳುವುದು ಇ ಕಾಲಂನ ಪಾಲಿಗೆ.

ಪೂರ್ತಿ ಹೊರಗಿರುವವರ ಕಥೆ ಬೇರೆ. ಹೂಡಿಕೆಯಿಂದ ಬಂದ ಬಡ್ಡಿ ಸಾಮಾನ್ಯವಾಗಿ ನೀವು ವಾಸವಿರುವ ರಾಜ್ಯಕ್ಕೇ ಸೇರಿದ್ದು. ಕ್ಯಾಲಿಫೋರ್ನಿಯಾ ಕೆ-1ರ ಟೇಬಲ್ 1ರಲ್ಲಿ ಇಂಥ ಬಡ್ಡಿಯನ್ನು ಬೇರೆ ತೋರಿಸಿರುತ್ತಾರೆ. ಅದನ್ನು ಇ ಕಾಲಂಗೆ ಎಳೆದು ತರಬೇಡಿ. ಆದರೆ ಪಾಲುದಾರಿಕೆಯ ವ್ಯವಹಾರದ ಭಾಗವಾಗೇ ಬಂದ ಬಡ್ಡಿ ಕೆ-1ರ ಇ ಕಾಲಂನಲ್ಲೇ ಬಂದಿರುತ್ತದೆ. ಅದಕ್ಕೆ ಇಲ್ಲಿ ತೆರಿಗೆ ಇದೆ.

ಊರಿನ ಫರ್ಮ್‌ನಲ್ಲಿ ಪಾಲು ಇರುವವರಿಗೆ

ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಅಣ್ಣತಮ್ಮಂದಿರ ಪಾರ್ಟ್‌ನರ್‌ಶಿಪ್ ಫರ್ಮ್ ಇದ್ದು, ಅದರಲ್ಲಿ ಇಲ್ಲಿರುವವರ ಹೆಸರೂ ಇರುವುದು ಅಪರೂಪ ಅಲ್ಲ. ಆ ಫರ್ಮ್ ಕೆ-1 ಕೊಡುವುದಿಲ್ಲ. ಹಾಗಂತ ತೋರಿಸದೆ ಇರುವಂತಿಲ್ಲ.

ಭಾರತದಲ್ಲಿ ಫರ್ಮ್ ತೆರಿಗೆ ಕಟ್ಟಿದ ಮೇಲೆ ಪಾಲುದಾರನ ಲಾಭದ ಪಾಲಿಗೆ ಮತ್ತೆ ತೆರಿಗೆ ಇಲ್ಲ. ಅಮೆರಿಕದಲ್ಲಿ ಆ ಪಾಲು ನಿಮ್ಮ ಆದಾಯ. ಫರ್ಮ್ ಕೊಡುವ ಬಂಡವಾಳದ ಮೇಲಿನ ಬಡ್ಡಿ, ಅಂದರೆ ಅಲ್ಲಿನ ಕಾನೂನು ಖರ್ಚೆಂದು ಒಪ್ಪುವ ಶೇ 12ರವರೆಗಿನ ಮೊತ್ತ, ಇಲ್ಲಿ ಹಂತ 2ರಲ್ಲಿ ಹೇಳಿದ ಗ್ಯಾರಂಟೀಡ್ ಪೇಮೆಂಟ್ ಸ್ವಭಾವದ್ದು. ಫರ್ಮ್‌ನ ಬ್ಯಾಂಕ್ ಠೇವಣಿಗೆ ಬಂದ ಬಡ್ಡಿಯಲ್ಲಿ ನಿಮ್ಮ ಪಾಲು ಬೇರೆ. ಎರಡನ್ನೂ ಫರ್ಮ್‌ನ ಆಡಿಟರ್ ಹತ್ತಿರ ಬೇರೆ ಬೇರೆ ಬರೆಸಿಕೊಳ್ಳಿ. ಅವರ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್ ಎಂಬುದನ್ನೂ ಗಮನಿಸಿ.

ಕ್ಯಾಲಿಫೋರ್ನಿಯಾ ಕೈ ಕೊಡುವುದು ಇಲ್ಲೇ. ಭಾರತದಲ್ಲಿ ಕಟ್ಟಿದ ತೆರಿಗೆಗೆ ಫೆಡರಲ್‌ನಲ್ಲಿ ಫಾರಿನ್ ಟ್ಯಾಕ್ಸ್ ಕ್ರೆಡಿಟ್ ಸಿಗಬಹುದು. ಕ್ಯಾಲಿಫೋರ್ನಿಯಾ ಆ ಕ್ರೆಡಿಟ್ ಕೊಡುವುದಿಲ್ಲ. ಶೆಡ್ಯೂಲ್ ಎಸ್ ಇರುವುದು ಅಮೆರಿಕದ ಬೇರೆ ರಾಜ್ಯಗಳಿಗೆ ಕಟ್ಟಿದ ತೆರಿಗೆಗೆ, ದೇಶಗಳಿಗಲ್ಲ. ಟಿಡಿಎಸ್ ಹಿಡಿದಿದ್ದಾರೆ ಎಂದು ಬಿಟ್ಟುಬಿಡುವುದು, ಇಲ್ಲವೇ ಹಿಡಿದು ಉಳಿದ ಮೊತ್ತ ಮಾತ್ರ ತೋರಿಸುವುದು, ಎರಡೂ ತಪ್ಪು.

ಪಾಲು ಎಷ್ಟಿದೆ ಎನ್ನುವುದರ ಮೇಲೆ ವಿದೇಶಿ ಪಾಲುದಾರಿಕೆಯ ಮಾಹಿತಿ ಕೊಡುವ ಫೆಡರಲ್ ಫಾರ್ಮ್ 8865 ಕೂಡ ಬೇಕಾಗಬಹುದು. ಅದನ್ನು ಸಲ್ಲಿಸದಿದ್ದರೆ ದಂಡ 10,000 ಡಾಲರ್‌ನಿಂದ ಶುರು. ಇಷ್ಟು ದೂರ ಬಂದವರು ಭಾರತದ ಲೆಕ್ಕ ಗೊತ್ತಿರುವ ಸಿಪಿಎ (ಅಮೆರಿಕದ ಪರವಾನಗಿ ಪಡೆದ ಲೆಕ್ಕಿಗ) ಹತ್ತಿರ ಹೋಗುವುದೇ ಸರಿ. ಸಾಫ್ಟ್‌ವೇರ್ ಜೊತೆ ಗುದ್ದಾಡಿ ಪ್ರಯೋಜನ ಇಲ್ಲ.

ಸಲ್ಲಿಸುವ ಮುಂಚೆ ಈ ಗುರುತುಗಳನ್ನು ನೋಡಿ

ಶೆಡ್ಯೂಲ್ ಸಿಎಯ ಬಡ್ಡಿಯ ಸಾಲಿನಲ್ಲಿ ಬಿ, ಸಿ ಎರಡೂ ಖಾಲಿ ಇದ್ದು, ನಿಮ್ಮ ಫಂಡ್ ಟ್ರೆಷರಿಯಲ್ಲಿ ಹಣ ಇಡುವಂಥದ್ದಾಗಿದ್ದರೆ ಹಂತ 3 ಬಿಟ್ಟುಹೋಗಿದೆ.

ಬಿ ಕಾಲಂನ ಅಂಕಿ ಬಾಕ್ಸ್ 5ಕ್ಕೆ ಪೂರ್ತಿ ಸಮ ಇದ್ದರೆ ಅನುಮಾನಪಡಿ. ಟ್ರೆಷರಿ ಬಿಟ್ಟು ಒಂದು ಡಾಲರ್ ಬ್ಯಾಂಕ್ ಬಡ್ಡಿಯೂ ಇಲ್ಲದ ಪಾಲುದಾರಿಕೆ ಕಡಿಮೆ. ಬಿ ಕಾಲಂ ಎ ಕಾಲಂಗಿಂತ ದೊಡ್ಡದಿದ್ದರೆ ಎರಡು ಸಲ ಕಳೆದಿದ್ದೀರಿ.

1040ರ 2ಎಯಲ್ಲಿ ಅಂಕಿ ಇದ್ದು ಸಿ ಕಾಲಂ ಖಾಲಿ ಇದ್ದರೆ, ಆ ಬಾಂಡ್‌ಗಳೆಲ್ಲ ಕ್ಯಾಲಿಫೋರ್ನಿಯಾದವೇ ಎಂದು ಖಾತ್ರಿ ಮಾಡಿಕೊಳ್ಳಿ.

ಹಿಂದಿನ ವರ್ಷ ಕಳೆದಿದ್ದೀರಿ, ಈ ವರ್ಷ ಸೊನ್ನೆ. ಫಂಡ್ ನಿಜವಾಗಿಯೂ ಟ್ರೆಷರಿ ಮಾರಿತೋ, ಟಿಪ್ಪಣಿ ಪುಟ ಕಳೆದುಹೋಯಿತೋ?

ಈಗಾಗಲೇ ತಪ್ಪಾಗಿ ಸಲ್ಲಿಸಿದ್ದರೆ

ಕಳೆಯಲು ಮರೆತು ಜಾಸ್ತಿ ಕಟ್ಟಿದ್ದರೆ ವಾಪಸ್ ಕೇಳಬಹುದು. ಕ್ಯಾಲಿಫೋರ್ನಿಯಾ ಇದಕ್ಕೆ ಸಾಮಾನ್ಯವಾಗಿ ನಾಲ್ಕು ವರ್ಷ ಸಮಯ ಕೊಡುತ್ತದೆ. ಹಾಗಾಗಿ ಈ ವರ್ಷದ ತಪ್ಪು ಸಿಕ್ಕರೆ ಹಿಂದಿನ ಮೂರ್ನಾಲ್ಕು ಕೆ-1ಗಳನ್ನೂ ತೆಗೆದು ನೋಡಿ. ತಿದ್ದುಪಡಿಗೆ ಆಯಾ ವರ್ಷದ ಫಾರ್ಮ್ 540 ಅನ್ನು ಹೊಸದಾಗಿ ತುಂಬಿ, ತಿದ್ದುಪಡಿ ಎಂದು ಗುರುತು ಮಾಡಿ, ಜೊತೆಗೆ ಶೆಡ್ಯೂಲ್ ಎಕ್ಸ್ ಇಡಬೇಕು. ತಪ್ಪು ರಾಜ್ಯದ ಹೊಂದಾಣಿಕೆಯಲ್ಲಿ ಮಾತ್ರ ಇದ್ದರೆ ಫೆಡರಲ್ ರಿಟರ್ನ್ ಮುಟ್ಟುವ ಅಗತ್ಯ ಇಲ್ಲ.

ಸಲ್ಲಿಸಿದ ಮೇಲೆ ತಿದ್ದಿದ ಕೆ-1 ಬಂದು ಫೆಡರಲ್ ಅಂಕಿಯೇ ಬದಲಾದರೆ ಮೊದಲು 1040-ಎಕ್ಸ್ (ಫೆಡರಲ್ ತಿದ್ದುಪಡಿ ರಿಟರ್ನ್), ಆಮೇಲೆ ರಾಜ್ಯ. ಫೆಡರಲ್ ಬದಲಾವಣೆಯಿಂದ ರಾಜ್ಯದ ತೆರಿಗೆ ಜಾಸ್ತಿ ಆದರೆ ಆರು ತಿಂಗಳೊಳಗೆ ಎಫ್‌ಟಿಬಿಗೆ ತಿಳಿಸಬೇಕು.

ಎಫ್‌ಟಿಬಿಯಿಂದ ಹೆಚ್ಚುವರಿ ತೆರಿಗೆಯ ಪ್ರಸ್ತಾವನೆಯ ನೋಟಿಸ್ ಬಂದಿದ್ದರೆ ಪ್ರತಿಭಟನೆ ಸಲ್ಲಿಸಲು 60 ದಿನ ಇರುತ್ತದೆ. ಕೊನೆಯ ದಿನಾಂಕ ನೋಟಿಸ್‌ನಲ್ಲೇ ಇರುತ್ತದೆ. ಹಂತ 3ರ ಹಾಳೆ ಮತ್ತು ಪಾಲುದಾರಿಕೆಯ ಇಮೇಲ್ ಆಗ ಕೆಲಸಕ್ಕೆ ಬರುತ್ತವೆ.

ಬೇರೆ ರಾಜ್ಯದವರು ಇದನ್ನು ಹಾಗೇ ನಕಲು ಮಾಡಬೇಡಿ

ಟ್ರೆಷರಿ ಬಡ್ಡಿಯ ವಿನಾಯಿತಿ ಎಲ್ಲ ರಾಜ್ಯಕ್ಕೂ ಒಂದೇ. ತೋರಿಸುವ ಜಾಗ ಬೇರೆ. ನ್ಯೂಜೆರ್ಸಿಯಲ್ಲಿ ಪಾಲುದಾರಿಕೆಯ ಬಡ್ಡಿಯನ್ನು ಬಡ್ಡಿಯ ಸಾಲಿನಲ್ಲಿ ಹಾಕುವುದೇ ಇಲ್ಲ. ಅದು ಎನ್‌ಜೆಕೆ-1ರ ಮೂಲಕ ಪಾಲುದಾರಿಕೆ ಆದಾಯದ ಪಾಲು ಎಂಬ ಸಾಲಿಗೆ ಹೋಗುತ್ತದೆ. ಎರಡೂ ಕಡೆ ಹಾಕಿ ಎರಡು ಸಲ ತೆರಿಗೆ ಕಟ್ಟುವವರು ಅಲ್ಲಿ ಇದ್ದಾರೆ. ಪೆನ್ಸಿಲ್ವೇನಿಯಾದಲ್ಲಿ ಬಡ್ಡಿ ತನ್ನದೇ ಬೇರೆ ವರ್ಗ, ದರ ಎಲ್ಲರಿಗೂ 3.07 ಪರ್ಸೆಂಟ್, ಮಾಹಿತಿ ಬರುವುದು ಅಲ್ಲಿನ ಆರ್‌ಕೆ-1ರಲ್ಲಿ. ನ್ಯೂ ಹ್ಯಾಂಪ್‌ಶೈರ್ ಬಡ್ಡಿ ಮತ್ತು ಡಿವಿಡೆಂಡ್ ಮೇಲಿನ ತೆರಿಗೆಯನ್ನು 2025ರ ಜನವರಿ 1ರಿಂದ ತೆಗೆದುಹಾಕಿದೆ. ಟೆಕ್ಸಾಸ್, ಫ್ಲೋರಿಡಾ, ವಾಷಿಂಗ್ಟನ್‌ನಲ್ಲಿ ಬಡ್ಡಿಗೆ ವ್ಯಕ್ತಿಗಳ ತೆರಿಗೆ ಇಲ್ಲ. ಆದರೆ ಅಲ್ಲಿರುವವರಿಗೂ ಕ್ಯಾಲಿಫೋರ್ನಿಯಾದ ಪಾಲುದಾರಿಕೆಯಿಂದ ಕೆ-1 (565) ಬಂದಿದ್ದರೆ ಹಂತ 8ರ ಕೊನೆಯ ಭಾಗ ಅವರಿಗೂ ಅನ್ವಯಿಸುತ್ತದೆ.